ಡೆಮೊ ಕ್ಲಾಸು

ಜಿಆರ್‌ಇ ಪರೀಕ್ಷೆಯ ಇಂಗ್ಲಿಷ್ ಭಾಗದಲ್ಲಿ ಅವಳಿಗೆ ಬಂದದ್ದು ನೂರ ನಲವತ್ತೊಂದು. ಅಪ್ಪನಿಗೆ ಹಾಗೆಂದೇ ಹೇಳಿದಳು. ಆ ಅಂಕಕ್ಕೆ ಹೊರದೇಶದ ಒಳ್ಳೆಯ ಕಾಲೇಜು ಸಿಗುವಂತಿರಲಿಲ್ಲ. ಅವಳಿಗೆ ಒಳಗೊಳಗೇ ಸಮಾಧಾನ. ಊರಿನ ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಕಾದಿತ್ತು, ಅವಳಿಗೆ ಬೇಕಾಗಿದ್ದೂ ಅದೇ.

ಅಪ್ಪ ಬಿಡಲಿಲ್ಲ. "ಇಂಗ್ಲಿಷೊಂದೇ ತಾನೆ ಕೈಕೊಟ್ಟಿರೋದು? ಅದಕ್ಕೇ ಅಂತ ಬೇರೆ ಕೋರ್ಸ್ ಇದೆಯಂತೆ, ನಡಿ" ಎಂದು ಪೇಟೆಯ ಕೋಚಿಂಗ್ ಸೆಂಟರಿಗೆ ಕರೆತಂದರು.

"ಇಲ್ಲಿ ಬೇಡಪ್ಪ. ಹೋದ ವರ್ಷ ಒಂದಿನ ಡೆಮೊ ಕ್ಲಾಸಿಗೆ ಬಂದಿದ್ದೆ. ಹೆಸರು, ಫೋಟೊ ಇಸ್ಕೊಂಡ್ರು, ಪಾಠ ಏನೂ ಮಾಡ್ಲಿಲ್ಲ."

"ನಿನಗೆ ಎಲ್ಲಾದ್ರಲ್ಲೂ ಕೊಂಕು."

ಮೇಜಿನ ಹಿಂದಿದ್ದ ಯುವಕ ನಗುತ್ತ ಬರಮಾಡಿಕೊಂಡ. "ಮೂರು ತಿಂಗಳದ್ದು ತಗೊಳ್ಳಿ ಸರ್. ನಮ್ಮಲ್ಲಿ ಓದಿದವರನ್ನ ನೀವೇ ನೋಡಿ" ಎಂದು, ತಾನು ತಿರುಗಿಯೂ ನೋಡದೆ, ಬೆನ್ನ ಹಿಂದಿನ ಗೋಡೆಯತ್ತ ಪೆನ್ನು ತೋರಿಸಿದ. ಗೋಡೆ ತುಂಬ ಫೋಟೊಗಳು, ಒಂದೊಂದರ ಕೆಳಗೂ ದಪ್ಪಕ್ಷರದಲ್ಲಿ ಇಂಗ್ಲಿಷಿನ ಅಂಕ.

ಅಪ್ಪ ಕನ್ನಡಕ ಹಾಕಿಕೊಂಡು ಎದ್ದು ಹೋದರು. ಒಂದು ಫೋಟೊದ ಮುಂದೆ ನಿಂತವರು ಅಲ್ಲಿಂದ ಕದಲಲಿಲ್ಲ. ಅವಳೂ ಪಕ್ಕಕ್ಕೆ ಬಂದು ನೋಡಿದಳು. ತನ್ನದೇ ಮುಖ, ತನ್ನದೇ ಹೆಸರು. ಕೆಳಗೆ ನೂರ ಅರವತ್ತೈದು.

"ಅಪ್ಪ, ಇದು ಸುಳ್ಳು. ನನಗೆ ಬಂದಿರೋದು..."

ಅಪ್ಪನ ಕಣ್ಣು ತುಂಬಿತ್ತು. "ಹೋಗೋಕೆ ಇಷ್ಟ ಇಲ್ಲ ಅಂತ ಇಷ್ಟೊಂದು ಅಂಕ ನನ್ನಿಂದ ಮುಚ್ಚಿಟ್ಯಾ?" ಎಂದು ಅವಳ ಕೈ ಬಿಗಿಯಾಗಿ ಹಿಡಿದು ಮೆಟ್ಟಿಲಿಳಿದರು. "ಇನ್ನು ಕೋರ್ಸೂ ಬೇಡ, ಏನೂ ಬೇಡ. ನೀನು ಬರಲ್ಲ ಅಂತ ಆ ಶಾಲೆಯವರಿಗೆ ಈಗಲೇ ಫೋನ್ ಮಾಡ್ತೀನಿ."