ಬಾಗಿಲ ಪಕ್ಕದ ಕೈಗುರುತು

ಇವತ್ತು ಆಫೀಸಿನಿಂದ ಬಂದು, ಚಪ್ಪಲಿ ಬಿಡಲು ಗೋಡೆಗೆ ಕೈಯೂರಿ ನಿಂತಾಗ, ಪಕ್ಕದ ಮನೆಯ ಕೂಲರಿಗೆ ಕಟ್ಟಿದ ಒದ್ದೆ ಹುಲ್ಲಿನ ವಾಸನೆ ಬಂತು; ಪ್ರತಾಪ ನಗರದ ನಮ್ಮ ಹಳೆಯ ಬಾಡಿಗೆ ಮನೆಯ ಒಂದು ಮಧ್ಯಾಹ್ನ ನೆನಪಾಗಿ ಹಾಗೇ ನಿಂತುಬಿಟ್ಟೆ.

ಅಪ್ಪ ಹಿಂಗಣಾದ ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದ. ಬೂಟು ಬಿಚ್ಚುವಾಗ ಬಾಗಿಲ ಪಕ್ಕದ ಗೋಡೆಗೆ ಎಡಗೈ ಊರುತ್ತಿದ್ದ. ಎಷ್ಟು ತೊಳೆದರೂ ಆ ಕೈಯಲ್ಲಿ ಗ್ರೀಸಿನ ಕಪ್ಪು ಉಳಿದಿರುತ್ತಿತ್ತು. ಹಳದಿ ಪೇಂಟಿನ ಮೇಲೆ ಅಂಗೈ, ಬೆರಳು ಎಲ್ಲ ಮೂಡುತ್ತಿದ್ದವು. ಅವ್ವ ಗೊಣಗುತ್ತ ಒರೆಸಿದರೂ ಮಸುಕು ಪೂರ್ತಿ ಹೋಗುತ್ತಿರಲಿಲ್ಲ.

ಅಂದು ಶಾಲೆಯಲ್ಲಿ ಗುಹೆಯ ಚಿತ್ರಗಳ ಪಾಠವಾಗಿತ್ತು.

"ಅಪ್ಪಾ, ಗುಹೆದಾಗಿನ ಮಂದಿ ಗ್ವಾಡಿ ಮ್ಯಾಲ ಕೈ ಇಟ್ಟು, ಸುತ್ತ ಕೆಂಪು ಮಣ್ಣಿನ ನೀರು ಊದತಿದ್ರಂತ. ಕೈ ತಗದ್ರ ಅದರ ಗುರುತು ಉಳೀತಿತ್ತಂತ. ಯಾಕ ಹಂಗ ಮಾಡ್ತಿದ್ರು? ಟೀಚರಿಗೂ ಬರೋಬರ್ ಗೊತ್ತಿಲ್ಲಂತ."

ಅಪ್ಪ ಒಂದೇ ಬೂಟಿನಲ್ಲಿ, ಗೋಡೆಗೆ ಕೈಯೂರಿ ನಿಂತು ಯೋಚಿಸಿದ.

"ಬ್ಯಾಟಿ ಮುಗಿಸಿ ದಣದು ಬಂದಿರ್ತಾರ. ಒಂದೀಟು ಗ್ವಾಡಿ ಹಿಡದು ನಿಂತಿರ್ತಾರ," ಎಂದ. ಊಟಕ್ಕೂ ಕಾಯದೆ, ಅಂಗಿ ಸಮೇತ ಕೂಲರಿನ ಮುಂದೆ ನೆಲದ ಮೇಲೆ ಮಲಗಿ ನಿದ್ದೆಹೋದ.

ಅವ್ವ ಒದ್ದೆ ಬಟ್ಟೆ ಹಿಡಿದು ಬಂದಳು. ಅಪ್ಪನನ್ನು ನೋಡಿದಳು, ಗೋಡೆ ನೋಡಿದಳು. ಆಮೇಲೆ ಹಳೆಯ ಕಲೆಗಳನ್ನೆಲ್ಲ ತಿಕ್ಕಿ ತಿಕ್ಕಿ ತೆಗೆದಳು. ಅವತ್ತಿನ ಗುರುತಿನ ಬೆರಳುಗಳ ಸಂದಿಯಲ್ಲೂ ಬಟ್ಟೆಯ ತುದಿ ಆಡಿಸಿದಳು. ಆ ಕೈಗುರುತೊಂದನ್ನು ಮಾತ್ರ ಮುಟ್ಟಲಿಲ್ಲ.

"ಅವ್ವಾ, ಅದು ಉಳೀತಲ್ಲ," ಎಂದೆ.

"ಇರ್ಲಿ ಬಿಡು," ಎಂದಳು. "ನಾಳೆ ಮತ್ತ ಅಲ್ಲೇ ಕೈ ಇಡಬೇಕಲ್ಲ ಅವರು."