ಸ್ಮಿತಾಳ ಹೂಜಿ

"ಸಾವಕಾಶ ಹೋಗ ತಂಗಿ, ಭಾಳ ಹತ್ರ ಹೋಗಬ್ಯಾಡ," ಎಂದು ರುದ್ರಮ್ಮ ಪಿಸುಗುಟ್ಟಿದರು.

ಅಮೆರಿಕದ ಆ ಹೆದ್ದಾರಿಯಲ್ಲಿ ಮುಂದಿನ ಕಾರಿನಲ್ಲಿದ್ದ ಸೊಸೆ ಸ್ಮಿತಾಳಿಗೆ ಅದು ಕೇಳುವಂತಿರಲಿಲ್ಲ. ಆದರೂ ಪಿಸುಮಾತೇ. ಪಕ್ಕದ ಮನೆಯ ಉಮ್ಮೆ ಕುಲ್ಸುಮ್ ನಗು ನುಂಗಿಕೊಂಡು ಡ್ರೈವ್ ಮಾಡುತ್ತಿದ್ದಳು.

ಸೊಸೆಯ ಕಾರಿನ ಡಿಕ್ಕಿಯಲ್ಲಿ, ಹಿಂದಿನವರು ವಿಸ್ಕಿ ತುಂಬಿಡುತ್ತಿದ್ದಂಥ ಕಂದು ಹೂಜಿಯೊಂದು ಕಂಬಳಿ ಹೊದ್ದು ಮಲಗಿದ್ದನ್ನು ರುದ್ರಮ್ಮ ಕಂಡಿದ್ದರು. ಮೂಸಿದರೆ ಪೆಪ್ಪರ್‌ಮಿಂಟ್ ವಾಸನೆ. ಒಂದು ವಾಸನೆ ಮುಚ್ಚಲು ಇನ್ನೊಂದು, ಅಷ್ಟು ಅವರಿಗೆ ತಿಳಿಯದೆ? ಶನಿವಾರ ಬಂದರೆ ಸ್ಮಿತಾ ಯೋಗ ಕ್ಲಾಸೆಂದು ಮಾಯವಾಗುತ್ತಿದ್ದಳು. ಅವಳ ಅಡುಗೆಯ ಹದವೂ ತಪ್ಪಿತ್ತು. ಕೆಂಪು ಚಟ್ನಿ ತುಟಿಗೆ ತಾಗಿದರೆ ಸಾಕು, ರುದ್ರಮ್ಮನವರ ಪತಿ ಕಲ್ಲಿನಾಥರು ಉರಿ ಎಂದು ತಟ್ಟೆ ಸರಿಸುತ್ತಿದ್ದರು. ಇವತ್ತು ಅವರನ್ನು ಕೇಳೋಣವೆಂದರೆ, ನಿವೃತ್ತ ಪ್ರಿನ್ಸಿಪಾಲರು ಇಸ್ತ್ರಿ ಅಂಗಿ ತೊಟ್ಟು, ಗೆಳೆಯ ಗದಿಗೆಪ್ಪನ ಜೊತೆ ಬೆಳಿಗ್ಗೆಯೇ ಲೈಬ್ರರಿಗೆ ಹೋಗಿಬಿಟ್ಟಿದ್ದರು.

ಸಂಜೆ ಮಗ ಕಲ್ಮೇಶ್ ಷಿಕಾಗೋದಿಂದ ಬರುತ್ತಾನೆ. ಹೇಳಿದರೆ ಸಂಸಾರ ಒಡೆದೀತು, ಹೇಳದಿದ್ದರೆ ಹುಡುಗಿ ಹಾಳಾದಾಳು. ಸ್ಮಿತಾ ಎಂದರೆ ರುದ್ರಮ್ಮನವರಿಗೆ ಪ್ರಾಣ. ಅದೇ ಸಂಕಟ.

"ಕುಡಿಯೋಕೆ ಇಷ್ಟು ದೂರ ಯಾಕ್ ಬರ್ತಾಳೆ ಆಂಟಿ? ನಮ್ಮ ಮನೆ ಹತ್ರದ ಎಕ್ಸಿಟ್‌ನಲ್ಲೇ ಎರಡು ಬಾರ್ ಇದೆ," ಎಂದಳು ಕುಲ್ಸುಮ್.

ಅಲ್ಲಿ ನಮ್ಮವರ ಕಣ್ಣಿಗೆ ಬೀಳುತ್ತಾಳಲ್ಲ ಎಂದರು ರುದ್ರಮ್ಮ.

ಕಾರು ನಿಂತದ್ದು ಡೆಟ್ರಾಯಿಟ್‌ನ ಹಳೆಯ ಸ್ಮಶಾನವೊಂದರಲ್ಲಿ. ಹೊಸ ಕಲ್ಲೊಂದರ ಸುತ್ತ ಜನ ನೆರೆದಿದ್ದರು. ಒಬ್ಬ ಬಟ್ಟೆ ಉಜ್ಜುವ ತಗಡನ್ನು ಎದೆಗೆ ನೇತುಹಾಕಿಕೊಂಡಿದ್ದ, ಇನ್ನೊಬ್ಬ ಬೋರಲು ಹಾಕಿದ ಟಬ್ಬಿಗೆ ತಂತಿ ಬಿಗಿಯುತ್ತಿದ್ದ. ರುದ್ರಮ್ಮ ಸೆರಗು ಸಿಕ್ಕಿಸಿ ನೆಟ್ಟಗೆ ಹೋಗಿ, ಸೊಸೆಯ ಕೈಯಿಂದ ಹೂಜಿ ಕಿತ್ತುಕೊಂಡರು.

"ಏನ ಕುಡೀತೀಯವಾ ಇದರಾಗ?"

ಸ್ಮಿತಾ ಬೆಚ್ಚಿದಳು. "ಕುಡಿಯೂದಲ್ಲರಿ ಅತ್ತಿ, ಊದೂದು."

ಆಮೇಲೆ ಎಲ್ಲ ಬಿಡಿಸಿ ಹೇಳಿದಳು. ಲೀಮನ್ ಟಿಬ್ಸ್ ಎಂಬವನಿದ್ದ. ವಾದ್ಯ ಕೊಳ್ಳಲಾಗದ ಕಾಲದಲ್ಲಿ ಖಾಲಿ ಹೂಜಿಯ ಬಾಯಿಗೆ ತುಟಿ ಇಟ್ಟು ಊದಿ ಬೀದಿಯನ್ನೇ ಕುಣಿಸಿದವನು. ರಾಗ ಉಳಿಯಿತು, ಅವನ ಹೆಸರು ಉಳಿಯಲಿಲ್ಲ. ಗೋರಿಗೆ ಇಷ್ಟು ವರ್ಷ ಒಂದು ಕಲ್ಲೂ ಇರಲಿಲ್ಲ. ಇಂದು ಕಲ್ಲು ನಿಂತಿದೆ, ತಗಡು-ಟಬ್ಬುಗಳ ಮೇಳದೊಂದಿಗೆ ಅವನ ರಾಗವನ್ನು ಹೂಜಿಯಲ್ಲೇ ನುಡಿಸಬೇಕು.

ರುದ್ರಮ್ಮನವರ ಎದೆ ಹಗುರಾಯಿತು. ಸತ್ತವನಿಗೆ ಮಾಡುವ ಮರ್ಯಾದೆ ತಡವಾಗಬಾರದೆಂದು ಹೂಜಿಯನ್ನು ಸೊಸೆಯತ್ತ ಚಾಚಿದರು. "ಹಂಗಾರ ಊದವಾ. ಇಷ್ಟು ಮಂದಿ ಕಾಯಾಕತ್ತಾರ."

"ನನಗ ಬರಂಗಿಲ್ರಿ ಅತ್ತಿ," ಎಂದು ಸ್ಮಿತಾ ನೆಲ ನೋಡಿದಳು. "ನಾ ಬರೇ ಹೂಜಿ ತಂದುಕೊಡೂ ಡ್ರೈವರ್."

ತಗಡಿನವನು ಹೂಜಿ ಊದುವವರನ್ನು ಕೂಗಿ ಕರೆದ. ಜನ ಚಪ್ಪಾಳೆ ತಟ್ಟಿ ದಾರಿ ಬಿಟ್ಟರು.

ಉರಿವ ತುಟಿಗೆ ಪೆಪ್ಪರ್‌ಮಿಂಟ್ ಮುಲಾಮು ಸವರಿಕೊಳ್ಳುತ್ತ ಬಂದು, ಹೆಂಡತಿಯ ಮುಖ ನೋಡದೆ ಅವರ ಕೈಯಿಂದ ಹೂಜಿ ಇಸಿದುಕೊಂಡವರು ಪ್ರಿನ್ಸಿಪಾಲ್ ಕಲ್ಲಿನಾಥರು.