ನಾಲ್ಕನೆಯ ಕವಡೆ

ನಾಲ್ಕನೆಯ ಕವಡೆ ಸಂಹಿತಾಳ ಊಟದ ಡಬ್ಬಿಯಲ್ಲಿ, ನಿಂಬೆಕಾಯಿ ಉಪ್ಪಿನಕಾಯಿಯ ಪುಟ್ಟ ಬಟ್ಟಲಿನ ಅಡಿಯಲ್ಲಿತ್ತು. ಉಳಿದ ಮೂವರೂ ಹೊಳೆನರಸೀಪುರದ ಆ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಬಗ್ಗಿ ಬೆಂಚಿನ ಕೆಳಗೆಲ್ಲ ಅದನ್ನೇ ಹುಡುಕುತ್ತಿದ್ದರು. ಶನಿವಾರದ ಬೆಳಗಿನ ಶಾಲೆ ಮುಗಿದು ಮಕ್ಕಳು ಹೋಗಿಯಾಗಿತ್ತು. ಒಂದೂವರೆಯ ಹಾಸನದ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಸಿದ್ಧವಾಗಿತ್ತು. ಒಂದು ಹುಣಿಸೆಬೀಜ ಉಜ್ಜಿಕೊಂಡು ಆಡಿದರಾಯಿತು ಎಂದಳು ಆಯಾ ಮಲ್ಲಿಗಮ್ಮ. ಕನ್ನಡ ಮಿಸ್ಸು ಶ್ರೀರಂಗಮ್ಮನವರು ಸುತರಾಂ ಒಪ್ಪಲಿಲ್ಲ. ಅವು ಅವರ ತಾಯಿಯ ಕಾಲದ ಕವಡೆಗಳು, ಹುಣಿಸೆಬೀಜದ ಜೊತೆ ಬೀಳುವಂಥವಲ್ಲ. ಸಂಹಿತಾ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ ಜಾಗದಿಂದ ಅಲ್ಲಾಡಲಿಲ್ಲ.

ಲೈಬ್ರರಿಯ ಹಂಗಾಮಿ ಕೆಲಸಕ್ಕೆ ಬಂದು ಆರು ತಿಂಗಳಾಗಿದ್ದರೂ ಅವಳು ಆಡಿದ ಮಾತನ್ನೆಲ್ಲ ಸೇರಿಸಿದರೆ ಒಂದು ಪೀರಿಯಡ್ ತುಂಬುತ್ತಿರಲಿಲ್ಲ. ಹಾಸನದ ಹಳೇ ಪುಸ್ತಕದಂಗಡಿಯಲ್ಲಿ ಅವಳಿಗೊಂದು ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಅದರಲ್ಲಿದ್ದದ್ದು ಒಂದು ಆಟ, ಮಣೆಯಿಲ್ಲ, ಕಾಯಿಯಿಲ್ಲ. ಒಬ್ಬರು ಕಥೆ ನಡೆಸಬೇಕು, ಉಳಿದವರು ಪತ್ತೇದಾರರಾಗಿ ಪ್ರಶ್ನೆ ಕೇಳಿ ಕಳ್ಳರನ್ನು ಹಿಡಿಯಬೇಕು. ಅದರೊಳಗಿನ ವಿಲಾಯಿತಿ ಬಂಗಲೆಯನ್ನು ತೆಗೆದುಹಾಕಿ, ಚನ್ನರಾಯಪಟ್ಟಣದ ಕಡೆಯ ಒಂದು ಮದುವೆ ಛತ್ರವನ್ನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದಳು. ಮೂರು ಶನಿವಾರ ಕೇಳಿದಳು, ಮೂರು ಶನಿವಾರವೂ ಮುಂದಿನ ವಾರ ನೋಡೋಣ ಎಂದರು. ಗೆಲ್ಲೋರೇ ಇಲ್ಲದ್ದು ಆಟ ಹೇಗಾಗುತ್ತೆ ಎಂಬುದು ಗಣಿತದ ಪ್ರೇಮಕುಮಾರಿಯ ತಕರಾರು. ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲೋದಿಲ್ಲ ಎಂದು ಶ್ರೀರಂಗಮ್ಮನವರು. ನಂಗೆ ಓದೋಕೆ ಬರಾಕಿಲ್ಲ ಎಂದು ಮಲ್ಲಿಗಮ್ಮ. ಕೊನೆಗೆ ಪ್ರೇಮಕುಮಾರಿ ನಗುತ್ತಲೇ ಕೇಳಿದ್ದಳು, "ನೀನು ಗುಡ್ ಮಾರ್ನಿಂಗ್ ಅನ್ನೋಕೇ ಬಾಗಿಲ ಹಿಂದೆ ನಿಂತ್ಕೋತೀಯ. ಕಥೆ ನಡೆಸೋದು ಯಾರಮ್ಮ?" ಆ ಪ್ರಶ್ನೆ ಡೈರಿಯಲ್ಲಿ ಎರಡು ಪುಟ ತಿಂದಿತ್ತು.

"ಇವತ್ತೊಂದಿನ ನನ್ನ ಆಟ ನೋಡೋಣ," ಎಂದಳು ಈಗ, ನೆಲ ನೋಡುತ್ತ. "ನಮಗೆ ಸರಿಹೋಗ್ಲಿಲ್ಲ ಅಂದ್ರೆ ಇನ್ಯಾವತ್ತೂ ಅದರ ಸುದ್ದಿ ಎತ್ತಲ್ಲ."

ಡೈರಿ ಬಿಚ್ಚಿ ನಡುವೆ ಇಟ್ಟಳು. ಮುಹೂರ್ತಕ್ಕೆ ಇಪ್ಪತ್ತು ನಿಮಿಷ, ತಟ್ಟೆಯಲ್ಲಿದ್ದ ಮಾಂಗಲ್ಯ ಮಾಯ. ಇರುವ ಮೂರು ಕವಡೆ ಎಸೆದು ಎರಡಾದರೂ ಬಾಯಿ ಮೇಲಾಗಿ ಬಿದ್ದರೆ ಹುಡುಕಿದ ಕಡೆ ಸುಳಿವು ಸಿಗುತ್ತದೆ. ಶ್ರೀರಂಗಮ್ಮನವರು ಪತ್ತೇದಾರಿಕೆಯನ್ನು ತಮಗೆ ಗೊತ್ತಿದ್ದ ರೀತಿಯಲ್ಲೇ, ಸಂಬಂಧ ವಿಚಾರಿಸುವ ಹಾಗೆ, ಶುರು ಮಾಡಿದರು. ಅಡುಗೆಯವನನ್ನು ಕರೆಸಿ ಯಾವೂರು, ಯಾರ ಪೈಕಿ ಎಂದು ಕೇಳಿದರು. ಅರಕಲಗೂಡಿನವನು ಎಂದು ಗೊತ್ತಾಗುತ್ತಲೇ ಅವರ ಕಣ್ಣು ಕಿರಿದಾಯಿತು.

"ನಮ್ಮ ನಾದಿನಿ ಮಗಳ ಮದುವೇಲಿ ಹುಳಿಗೆ ಉಪ್ಪು ಸುರಿದೋನು ನೀನೇ ಅಲ್ವೇನೋ?"

ಅದು ಡೈರಿಯಲ್ಲಿ ಇರಲಿಲ್ಲ. ಸಂಹಿತಾಳ ಗಂಟಲಿನಿಂದ, ಎಲ್ಲಿತ್ತೋ ಏನೋ, ದಪ್ಪ ದನಿಯೊಂದು ಎದ್ದು ಬಂತು. "ಅವತ್ತು ಉಪ್ಪು ಹಾಕಿದ್ದು ನನ್ನ ಭಾವಮೈದ, ತಾಯಿ. ಅವನನ್ನ ಅವತ್ತೇ ಓಡಿಸ್ದೆ."

ಪ್ರೇಮಕುಮಾರಿ ಗೋಡೆಗೊರಗಿ ನಕ್ಕವಳು ಆಮೇಲೆ ಹೊತ್ತು ನೋಡಲಿಲ್ಲ. ಸಂಹಿತಾ ಫೋಟೋಗ್ರಾಫರ್ ಆಗಿ ರೀಲು ಮುಗಿಯಿತೆಂದು ಗೋಳಾಡಿದಳು, ಸೋದರಮಾವನಾಗಿ ಎಲೆಯಡಿಕೆ ಜಗಿಯುತ್ತ ಸುಳ್ಳು ಹೇಳಿದಳು, ಬೀಗರ ಕಡೆಯ ಮೂವರಾಗಿ ಒಬ್ಬಳೇ ಜಗಳವಾಡಿದಳು. ಯಾರ ಮೇಲೂ ಅಪರಾಧ ಗಟ್ಟಿಯಾಗಿ ಕೂರಲಿಲ್ಲ. ಅದುವರೆಗೆ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದ ಮಲ್ಲಿಗಮ್ಮ ಬಾಯಿ ಬಿಟ್ಟಳು. "ಎಲ್ಲಾರೂ ಉಡುಕ್ತಾವ್ರೆ. ಮದ್ವೆ ಎಣ್ಣು ಮಾತ್ರ ಕುಂತ್ ಜಾಗದಿಂದ ಅಲ್ಲಾಡಿಲ್ಲ. ಮೊಗ್ಗಿನ ಜಡೆ ಒಳ್ಗೆ ನೋಡ್ರವ್ವ." ಕವಡೆ ಎಸೆದಳು. ಮೂರಕ್ಕೆ ಮೂರೂ ಬಾಯಿ ಬಿಟ್ಟುಕೊಂಡು ಬಿದ್ದವು. ಮಾಂಗಲ್ಯ ಮೊಗ್ಗಿನ ಒಳಗೇ ಇತ್ತು, ಹುಡುಗಿಗೆ ಆ ಗಂಡು ಬೇಡವಾಗಿತ್ತು. ಶ್ರೀರಂಗಮ್ಮನವರು ನಿಂತ ಕಾಲಲ್ಲೇ ಮದುವೆ ಮುರಿದರು. ಊಟ ಮಾತ್ರ ಹಾಳಾಗಬಾರದು, ಎಲ್ಲರಿಗೂ ಬಡಿಸಿ ಎಂದರು.

ನಗೆ ಇನ್ನೂ ಇಳಿದಿರಲಿಲ್ಲ. ಮಲ್ಲಿಗಮ್ಮ ಡೈರಿಯ ಮೇಲೆ ಬೆರಳಿಟ್ಟಳು. ಓದು ಬಾರದವಳಿಗೂ ತಿಳಿಯಲಿ ಎಂದು ಸಂಹಿತಾ ಪುಟದ ಅಂಚಿನಲ್ಲಿ ಶಾಯಿಯಲ್ಲಿ ಮೂರು ಕವಡೆಗಳ ಚಿತ್ರ ಬರೆದಿದ್ದಳು.

"ಇದು ಯಾವತ್ತು ಬರ್ದಿದ್ದು ಮಿಸ್ಸೇ?"

"ಗುರುವಾರ," ಎಂದುಬಿಟ್ಟಳು ಸಂಹಿತಾ.

"ಗುರ್ವಾರ ಕವಡೆ ನಾಕಿದ್ವಲ್ಲ."

ಮೂರು ಜೊತೆ ಕಣ್ಣುಗಳು ಅವಳ ಮುಖದಿಂದ ಮಡಿಲಿಗೆ, ಮಡಿಲಿನ ಡಬ್ಬಿಗೆ ಇಳಿದವು. ದಪ್ಪ ದನಿ ಎಲ್ಲಿಂದ ಬಂದಿತ್ತೋ ಅಲ್ಲಿಗೇ ಓಡಿಹೋಗಿತ್ತು. ಅವಳು ಡಬ್ಬಿ ತೆರೆದಳು, ಬಟ್ಟಲು ಎತ್ತಿದಳು, ಎಣ್ಣೆ ಹತ್ತಿದ ಕವಡೆಯನ್ನು ಶ್ರೀರಂಗಮ್ಮನವರ ಅಂಗೈಯಲ್ಲಿಟ್ಟಳು. ಅವರು ಅದನ್ನು ಮೂಸಿ ನೋಡಿದರು. ತಾಯಿಯ ಕವಡೆ. ಆಟ ಹೋಯಿತು, ಇವರೂ ಹೋದರು ಎಂದುಕೊಂಡಳು ಸಂಹಿತಾ. ಹೊರಗೆ ಬಸ್ಸು ಹಾರನ್ ಹೊಡೆಯಿತು, ಯಾರೂ ಏಳಲಿಲ್ಲ.

"ಇನ್ನೊಂದು ಕೇಸ್ ಬರೆದಿದ್ದೀಯೇನೇ?" ಎಂದು ಕೇಳಿದರು ಶ್ರೀರಂಗಮ್ಮನವರು.

ಅವಳು ಹೌದೆಂದು ತಲೆಯಾಡಿಸಿದಳು.

ಅವರು ಕವಡೆಯನ್ನು ಸೆರಗಿನ ತುದಿಯಲ್ಲಿ ಒರೆಸಿ, ಅದೇ ತುದಿಗೆ ಗಂಟು ಹಾಕಿ, ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಬಗ್ಗಿ ಬೆಂಚಿನ ಕೆಳಗೊಮ್ಮೆ ನೋಡಿದರು.

"ನೋಡು ಮಲ್ಲಿಗಮ್ಮ," ಎಂದರು, "ಎಷ್ಟು ಹುಡುಕಿದರೂ ಸಿಗಲೊಲ್ಲದು. ಮುಂದಿನ ಶನಿವಾರವೂ ಸಿಗೋ ಹಾಗೆ ಕಾಣೋದಿಲ್ಲ."